ಮೂಡಲಗಿಗೆ ಬಾರದ ಮಾವಿನಹಣ್ಣು

ಗೋಕಾಕ ಬಸ್ ಸ್ಟ್ಯಾಂಡಿನ ಹಿಂದಿನ ನಮ್ಮ ಕೋಣೆಯಲ್ಲಿ ಅವತ್ತು ಮೂವರಿದ್ದೆವು: ನಾನು, ಗೆಳೆಯ ಬಾಹುಬಲಿ ಮತ್ತು ಕಟ್ಟಿಗೆಯಲ್ಲಿ ಹಣ್ಣು ಕೆತ್ತುವ ಗಂಗಪ್ಪ ಕಾಕಾ. ನಾಲ್ಕನೆಯದು ಕಂಪ್ಯೂಟರು. (ನಮ್ಮಿಬ್ಬರಿಗೂ ಸೇರಿ ಒಂದೇ!)

ಇಂಟರ್ನೆಟ್ ಆಗಷ್ಟೇ ನಮ್ಮ ಕಡೆ ಕಾಲಿಟ್ಟಿತ್ತು. ಊರವರಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಹೊಸ ದಂಧೆ. ಮುಂಬೈನ ಕರಕುಶಲ ಪ್ರದರ್ಶನದವರು ಮರುದಿನ ಬೆಳಿಗ್ಗೆ ಕಾಕಾನ ವೆಬ್‌ಸೈಟ್ ನೋಡಿ, ಮಳಿಗೆ ಕೊಡಬೇಕೋ ಬೇಡವೋ ತೀರ್ಮಾನಿಸುವವರಿದ್ದರು.

ನಾನು ನೋಟ್‌ಪ್ಯಾಡಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಕೋಡ್ ಬರೆಯುವವನು. ಬಾಹುಬಲಿ ಮೌಸಿನಿಂದ ಚಿತ್ರ ಎಳೆದು ಕೂರಿಸುವವನು. ಕೋಡನ್ನು ಸಾಫ್ಟ್‌ವೇರೇ ಬರೆದುಕೊಳ್ಳುತ್ತಿತ್ತು.

"ನೀ ಟೈಪ್ ಮಾಡೂದ್ರಾಗ ಪ್ರದರ್ಶನನ ಮುಗದು ಹೊಕ್ಕೈತಿ, ಸರಿಯಲೇ!" ಎಂದವನು ಮಧ್ಯಾಹ್ನದೊಳಗೆ ಮುಗಿಸಿ ಇಂಟರ್ನೆಟ್ಟಿಗೂ ಏರಿಸಿಯೇ ಬಿಟ್ಟ.

ಪರದೆಯ ಮೇಲೆ ಮಾವು ಗಿರಗಿರ ತಿರುಗಿತು. "ಯಪ್ಪಾ! ನಾ ಕೆತ್ತಿದ್ದು ಕುಣ್ಯಾಕತ್ತೈತಲೋ!" ಎಂದ ಕಾಕಾ, ಮೂಡಲಗಿಯಲ್ಲಿದ್ದ ಮಗಳಿಗೆ ತೋರಿಸಲು ಆಗಲೇ ಬಸ್ ಹತ್ತಿದರು.

ಸಂಜೆ ಅಲ್ಲಿನ ಇಂಟರ್ನೆಟ್ ಸೆಂಟರಿನಿಂದ ಕಾಕಾನ ಫೋನು.

"ಹಣ್ಣೆಲ್ಲಾ ಯಾರ ತಿಂದ್ರೋ? ಹಣ್ಣಿನ ಜಾಗಾದಾಗ ಬರೇ ಕೆಂಪ ಕಾಟು ಹೊಡದೈತಿ!"

ಬಾಹುಬಲಿ ಪರದೆಯತ್ತ ತಿರುಗಿದ. ನಮ್ಮಲ್ಲಿ ನೋಡಿದರೆ ಮಾವು ಇನ್ನೂ ತಿರುಗುತ್ತಲೇ ಇದೆ! ಪುಟವನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಸಾಫ್ಟ್‌ವೇರ್ ಬರೆದಿದ್ದ ಕೋಡಿನ ಕಾಡು. ಹುಡುಕಿದೆ, ಹುಡುಕಿದೆ... ಸಿಕ್ಕಿತು! ಚಿತ್ರಗಳನ್ನು ಇಂಟರ್ನೆಟ್ಟಿಗೆ ಏರಿಸಿದ್ದು ನಿಜ. ಪುಟ ಮಾತ್ರ ಅವನ್ನು ನಮ್ಮ ಕಂಪ್ಯೂಟರಿನ ಸಿ ಡ್ರೈವಿನಲ್ಲೇ ಅರಸುತ್ತಿತ್ತು. ನಮ್ಮ ಮನೆಯಲ್ಲಿ ಚೆಂದ ಕಂಡದ್ದು ಲೋಕಕ್ಕೂ ಹಾಗೇ ಕಾಣುತ್ತದೆಂದು ನಾವೆಲ್ಲ ಎಷ್ಟು ಸಲ ಮೆರೆದಿಲ್ಲ, ಹೇಳಿ?

ಪುಟದಲ್ಲಿದ್ದ ಚಿತ್ರಗಳ ವಿಳಾಸ ತಿದ್ದಿದೆ. ಏರಿಸಬೇಕಲ್ಲ? ಫೋನಿಗೂ ಇಂಟರ್ನೆಟ್ಟಿಗೂ ಇದ್ದದ್ದು ಒಂದೇ ಲೈನು. ಅದರ ತುಂಬ ಕಾಕಾ!

"ಫೋನ್ ಇಡ್ರಿ ಕಾಕಾ!"

"ಹಣ್ಣ ಬರೂಮಟಾ ಇಡಂಗಿಲ್ಲ!"

"ನೀವು ಇಟ್ರನ ಹಣ್ಣ ಬರ್ತಾವ್ರಿ!"

ಇಟ್ಟರು. ಮೋಡೆಮ್ ಕಿರ್ರೆಂದಿತು. ಕೆಲಸ ಮುಗಿಸಿ ಲೈನು ಬಿಟ್ಟದ್ದೇ ತಡ, ಫೋನು ಬಡಿದುಕೊಂಡಿತು.

"ಬಂತೋ! ಮಾವು ಬಂತು! ಅದರ ಬೆನ್ನಿಗೆ ಬಾಳೀನೂ ಬಂತು!" ಹಿಂದೆ ಸೆಂಟರಿನವರ ಚಪ್ಪಾಳೆ.

ಹಾಗಾದರೆ ಗೆದ್ದದ್ದು ನೋಟ್‌ಪ್ಯಾಡೋ? ಒಂದು ವಾರ ಕೊಟ್ಟರೂ ಮಾವನ್ನು ಹಾಗೆ ಕುಣಿಸುವುದು ನನ್ನಿಂದ ಆಗುತ್ತಿರಲಿಲ್ಲ, ಖರೆ ಹೇಳುತ್ತೇನೆ.

ಕಾಕಾಗೆ ಮಳಿಗೆ ಸಿಕ್ಕಿತು. ಮುಂದೆ ಹುಕ್ಕೇರಿಯ ಗಿರಾಕಿಯೊಬ್ಬರ ವೆಬ್‌ಸೈಟ್ ಮುಗಿಸಿದ ಬಾಹುಬಲಿ, ಯಾರಿಗೂ ತೋರಿಸದೆ, ಅಲ್ಲಿನ ಸೆಂಟರಿನಲ್ಲಿ ನೋಡಿಬರಲು ಮೊದಲು ಮೂಡಲಗಿ ಬಸ್ ಹತ್ತಿದ.