ಗಿಳಿಹಸಿರು ನೂಲು

ನಮ್ಮೆಜಮಾನ್ರು ಸಂಜೀವಪ್ಪನವರಿಗೆ ಕೆರೆ ಹುಚ್ಚು. ದೊಡ್ಡಬಳ್ಳಾಪುರದ ನೇಕಾರರೆಲ್ಲ ಅಮಾವಾಸ್ಯೆ ದಿನ ಮಗ್ಗ ನಿಲ್ಸಿ ಮಲಗಿದ್ರೆ, ಈ ಮಹಾನುಭಾವ್ರು ಗೋಣಿಚೀಲ ಹೆಗಲಿಗೆ ಹಾಕ್ಕೊಂಡು ಕೆರೆ ದಡ ಗುಡಿಸೋಕೆ ಹೊರಡೋರು. ಪ್ಲಾಸ್ಟಿಕ್ ಕವರು, ಬಾಟ್ಲಿ ಚೂರು, ನಮ್ಮೋರೇ ಎಸೆದ ಹಾಳು ನೂಲು, ಎಲ್ಲ ಆಯೋರು. ಆಮೇಲೆ ಮೀನು ಹಿಡಿಯೋ ಗಂಗಣ್ಣನ ತೆಪ್ಪ ಹತ್ತಿ ಕೆರೆ ನಡುವಿನ ದಿಬ್ಬಕ್ಕೆ. ಅಲ್ಲಿ ನಾಲ್ಕು ಜಾಲಿಮರ. ಇವರ ಚಿಕ್ಕಂದಿನಲ್ಲಿ ಆ ಮರಗಳಲ್ಲಿ ಕೊಕ್ಕರೆ ಗೂಡು ಕಟ್ತಿದ್ವಂತೆ, ಆಮೇಲೆ ಬರೋದೇ ಬಿಟ್ವು. ಸಾಯೋದ್ರೊಳಗೆ ಇನ್ನೊಂದ್ಸಲ ಅವು ಅಲ್ಲಿ ಮರಿ ಮಾಡೋದು ನೋಡ್ಬೇಕು, ಅದೊಂದೇ ಇವರಾಸೆ.

"ಸೋರೋ ಹೆಂಚು ಸರಿ ಮಾಡೋಕೆ ಪುರುಸೊತ್ತಿಲ್ಲ, ಕೊಕ್ಕರೆ ಬಾಣಂತನ ಮಾಡ್ತಾರಂತೆ!" ಅಂತ ರೇಗ್ತಿದ್ದೆ. ನಾನು ಜಗಳಗಂಟಿ, ಅದು ಇಡೀ ಬೀದಿಗೇ ಗೊತ್ತು. ಒಂದು ಮಾಘದಲ್ಲಿ ಬಲವಂತ ಮಾಡಿ ನನ್ನನ್ನೂ ಕರ್ಕೊಂಡು ಹೋದ್ರು. ತಣ್ಣನೆ ಬೆಳಗು, ದಡದ ಹೊಂಗೆಯೆಲ್ಲ ಎಳೇ ಚಿಗುರು. ನಿಜ ಹೇಳ್ತೀನಿ, ಎದ್ದು ಬರೋಕೇ ಮನಸ್ಸಾಗ್ಲಿಲ್ಲ. ಹೇಳಿದ್ರೆ ತಲೆ ಮೇಲೆ ಕೂರ್ತಾರೆ ಅಂತ ಬಾಯಿ ಮುಚ್ಕೊಂಡಿದ್ದೆ.

ಕವರು, ಗಾಜು ಗುಂಡಿ ತೋಡಿ ಹೂಳೋರು. ನೂಲಿಂದೇ ತಂಟೆ. ಅನ್ನ ಕೊಡೋ ನೂಲನ್ನ ಸುಡಬಾರದು, ಮಣ್ಣಿಗೆ ಹಾಕಬಾರದು ಅಂತ ನಮ್ಮತ್ತೆ ಮಾಡಿಟ್ಟ ಕಟ್ಟು. ಹಾಗಾಗಿ ಕೆರೆಯಲ್ಲಿ ಆಯ್ದ ನೂಲೆಲ್ಲ ಮೂಟೆ ಮೂಟೆ ಮನೆಗೇ ಬರೋದು. ತೊಂಬತ್ತೆರಡರ ಕೊನೇಲಿ ನನಗೆ ತಡೀಲಿಲ್ಲ. "ಇದನ್ನ ಇಟ್ಕೊಂಡು ಪೂಜೆ ಮಾಡ್ಲಾ? ಮಗ್ಗದಡಿ ಬಿದ್ದಿರೋ ಗಿಳಿಹಸಿರು ನೂಲಿನ ತುಂಡನ್ನೂ ಸೇರಿಸ್ಕೊಂಡು ಆ ಜಾಲಿಮರದಡಿ ಸುರೀರಿ. ನಿಮ್ಮ ಕೊಕ್ಕರೆ ಬಂದ್ರೆ ಗೂಡಿಗಾದ್ರೂ ಆಗ್ಲಿ!"

ಇವರ ಮುಖ ಅರಳಿಬಿಡ್ತು. "ಎಂಥಾ ಮಾತಾಡ್ದೆ ಕಣೇ!" ಅಂದೋರೇ ಒಂದೆರಡು ಮೂಟೆ ಜೊತೆ ಆ ಗಿಳಿಹಸಿರನ್ನೂ ಹೊತ್ಕೊಂಡು ಹೋಗಿ ದಿಬ್ಬದಲ್ಲಿ ಸುರಿದು ಬಂದ್ರು.

ಸಂಕ್ರಾಂತಿ ಕಳೀತಿದ್ದಂಗೆ ಬಂದ್ಬಿಟ್ವು! ಆರು ಗೂಡು. ಇವರು ಓಡಿ ಬಂದು ನನ್ನ ಕೈ ಹಿಡ್ಕೊಂಡು ಅತ್ರು. ನನಗೂ ಮನಸ್ಸು ತುಂಬಿ ಬಂತು. ಸಕ್ಕರೆ ಹಂಚಿದೆ.

ಯುಗಾದಿ ಅಮಾವಾಸ್ಯೆಗೆ ಮರಿ ನೋಡ್ಕೊಂಡು ಬರ್ತೀನಿ ಅಂತ ಹೋದೋರು ಒಂದೇ ಗಂಟೇಲಿ ವಾಪಸ್ಸು. ಒದ್ದೆ ಕಾಲಲ್ಲೇ ಜಗಲಿ ಮೇಲೆ ಕೂತ್ರು.

"ಮರಿಗಳ ಕಾಲಿಗೆ, ಕತ್ತಿಗೆ ಸುತ್ಕೊಂಡಿದೆ ಕಣೇ. ಕೊಂಬೇಲಿ ನೇತಾಡ್ತಿದ್ವು. ಹತ್ತಿ ನೂಲಾಗಿದ್ರೆ ಹರೀತಿತ್ತು. ಆರ್ಟ್ ಸಿಲ್ಕು, ಹರೀಲಿಲ್ಲ."

"ಯಾವ ನೂಲು ರೀ?"

ಇವರು ನನ್ನ ಸೆರಗನ್ನೇ ನೋಡಿದ್ರು. ಹಬ್ಬಕ್ಕೆ ಅಂತ ನಮ್ಮ ಮಗ್ಗದ್ದೇ ಸೀರೆ ಉಟ್ಟಿದ್ದೆ, ಗಿಳಿಹಸಿರು.

ಮಿಕ್ಕ ನೂಲನ್ನೆಲ್ಲ ಅವತ್ತೇ ಅಂಗಳದಲ್ಲಿ ಸುರಿದು ಬೆಂಕಿ ಇಟ್ರು. ಅತ್ತೆ ಕಟ್ಟು ಮುರೀತು, ನಾನು ತಡೀಲಿಲ್ಲ. ಕೊಕ್ಕರೆ ಮತ್ತೆ ಬರಲಿಲ್ಲ. ಇವರು ಮಾತ್ರ ಅಮಾವಾಸ್ಯೆ ತಪ್ಪಿಸದೆ ದಡ ಗುಡಿಸೋಕೆ ಹೋಗ್ತಾನೇ ಇದ್ರು, ದಿಬ್ಬದ ಕಡೆ ಕಣ್ಣೆತ್ತಿ ನೋಡ್ತಿರಲಿಲ್ವಂತೆ. ತೊಂಬತ್ತೆಂಟರಲ್ಲಿ ಹೋಗ್ಬಿಟ್ರು.

ಐದು ವರ್ಷದಲ್ಲಿ ಒಂದ್ಸಲವೂ "ಹೇಳಿಕೊಟ್ಟೋಳು ನೀನೇ" ಅನ್ನಲಿಲ್ಲ. ಅಂದಿದ್ರೆ ಜಗಳವಾದ್ರೂ ಆಡ್ತಿದ್ದೆ.