ನೀರಿಗೆ ಕಾಣುವ ತುಕ್ಕು

ಬೇಸಿಗೆ ಬಂತೆಂದರೆ ನಮ್ಮ ಮಕ್ಕಳ ಈಜು ಟೀಚರಮ್ಮನ ಬೆಳ್ಳಗಿನ ಕ್ರಾಪಿನಲ್ಲಿ ನೀಲಿ ಪೇಂಟಿನ ಗೆರೆಗಳು, ಮೂಗಿನ ತುದಿಯಲ್ಲೊಂದು ಚುಕ್ಕೆ. ನಾವು ನಕ್ಕರೆ, "ನಗ್ರಮ್ಮ, ನಗ್ರಿ. ನಿಮ್ಮ ಮಕ್ಕಳಿಗೋಸ್ಕರಾನೇ ಕಣ್ರಮ್ಮ ಈ ಸಿಂಗಾರ" ಎನ್ನುತ್ತಿದ್ದರು.

ಹೈಸ್ಕೂಲಿನ ಪಿ.ಟಿ. ಕೆಲಸದಿಂದ ನಿವೃತ್ತರಾದ ಮೇಲೆ, ಸಾದಲಿ ಊರಿನ ತಮ್ಮ ಮನೆಯ ಹಿತ್ತಿಲಲ್ಲಿ ನೆಲದ ಮೇಲೆಯೇ ನಿಲ್ಲುವ ಈಜುಕೊಳ ಕಟ್ಟಿಸಿದ್ದರು. ಸುತ್ತ ಕಬ್ಬಿಣದ ಕಂಬ, ಒಳಗೆ ದಪ್ಪ ಶೀಟು. ನಮ್ಮ ಕಡೆ ತೋಟಕ್ಕೊಂದು ಕೃಷಿ ಹೊಂಡ. ಅದಕ್ಕೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಜಾರಿದ ಮಗು ತಾನಾಗಿ ಹತ್ತಿ ಬರುವುದು ಕನಸಿನ ಮಾತು. ಆ ಭಯ ಅವರ ನಿದ್ದೆ ಕೆಡಿಸಿತ್ತು. ಒಬ್ಬಳೇ ಮಗಳಿರುವ ನನ್ನದನ್ನೂ. ಅದಕ್ಕೇ ಈ ಕೊಳ, ಊರ ಮಕ್ಕಳಿಗೆ ಈಜು ಪಾಠ.

ಪ್ರತಿ ವರ್ಷ ಕಂಬಗಳ ತುಕ್ಕನ್ನು ಉಪ್ಪುಕಾಗದದಿಂದ ತಾವೇ ಉಜ್ಜುತ್ತಿದ್ದರು. ಆಮೇಲೆ ನೂಲು ತೆಗೆಯುವವರ ಮನೆಯಿಂದ ತಂದ ರೇಷ್ಮೆ ಎಳೆಯೊಂದನ್ನು ಕಂಬದುದ್ದಕ್ಕೂ ಸವರುತ್ತಿದ್ದರು. ಎಳೆ ಸಿಕ್ಕಿಕೊಂಡರೆ ಅಲ್ಲಿ ಮತ್ತೆ ಉಜ್ಜಬೇಕು. "ರೇಷ್ಮೆನ ಹಿಡಿಯೋ ಕಬ್ಬಿಣ ಮಗು ಚರ್ಮಾನೂ ಹಿಡಿಯುತ್ತೆ." ಅದಾದ ಮೇಲೆಯೇ ತುಕ್ಕು ತಡೆಯುವ ರೆಡ್ ಆಕ್ಸೈಡು, ಅದರ ಮೇಲೆ ನೀಲಿ.

ಒಂದು ವರ್ಷ ಕೊಳ ಅರ್ಧ ತುಂಬಿದ ಮೇಲೆ ಒಂದು ಕಂಬದ ಬುಡದಲ್ಲಿ ಬಣ್ಣ ಉಬ್ಬಿತ್ತು. ನೀರೋ, ದುಡ್ಡು ಕೊಟ್ಟು ತರಿಸಿದ ಟ್ಯಾಂಕರಿನದು. ನನ್ನ ಯಜಮಾನರು, "ಇನ್ನೊಂದು ಕೋಟು ಎಳೆದ್ರೆ ಕಾಣಲ್ಲ ಬಿಡಿ ಮೇಡಂ" ಎಂದರು.

"ನಿನಗೆ ಕಾಣಲ್ಲಪ್ಪ, ನೀರಿಗೆ ಕಾಣುತ್ತೆ."

ಅಷ್ಟೂ ನೀರನ್ನು ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಬಿಟ್ಟರು. ವೆಲ್ಡಿಂಗಿನವನು ಬಂದು ಆ ಬುಡಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಸುತ್ತಿಗೆ ಒಳಗೇ ಹೋಯಿತು. ಕೊಳ ತುಂಬಿದ್ದರೆ ಆ ಗೋಡೆ ಮಕ್ಕಳ ಸಮೇತ ಮಲಗುತ್ತಿತ್ತು. ಕಂಬ ಕೊಯ್ಸಿ, ಹೊಸ ತುಂಡು ಬೆಸೆಸಿ, ಬಣ್ಣ ಪೂರ್ತಿ ಒಣಗುವವರೆಗೂ ಟೀಚರು ಯಾರನ್ನೂ ಹತ್ತಿರ ಸೇರಿಸಲಿಲ್ಲ.

ಆ ಬೇಸಿಗೆ ನನ್ನ ಮಗಳು ಪೂರಾ ಕಲಿತದ್ದು ಒಂದೇ, ಒದ್ದಾಡದೆ ಅಂಗಾತ ತೇಲುವುದು. ಮಳೆಗಾಲದಲ್ಲಿ ಅವಳು ಮೇಕೆಮರಿಯ ಹಿಂದೆ ಓಡಿ ನಮ್ಮದೇ ಹೊಂಡಕ್ಕೆ ಬಿದ್ದಳು. ನಾವು ಹಗ್ಗ ಹಿಡಿದು ಓಡಿದಾಗ ನೀರಿನ ಮೇಲೆ ಮಲಗಿ ಮೋಡ ನೋಡುತ್ತಿದ್ದಳು.

ವಿಷಯ ಹೇಳಲು ಹೋಗಿ ಟೀಚರ ಕಾಲಿಗೆ ಬೀಳಹೋದೆ. ಅವರು ನನ್ನ ರಟ್ಟೆ ಹಿಡಿದೆತ್ತಿ, "ತೇಲಿದ್ಲಾ?" ಎಂದು ಕೇಳಿದರು.

"ತೇಲಿದ್ಲು ಮೇಡಂ."

ಆ ಗಟ್ಟಿಗಿತ್ತಿ ಮೆಟ್ಟಿಲ ಮೇಲೆ ಕುಸಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಈಗ ಅವರಿಲ್ಲ. ಅವರ ಋಣ ತೀರುವಂಥದ್ದಲ್ಲ. ಮಗಳು ಸ್ಕೂಲಿಂದ ಬಂದು ಬಾಗಿಲಲ್ಲೇ "ಅಮ್ಮಾ, ಹಸಿವು" ಎಂದು ಕೂಗಿದಾಗಲೆಲ್ಲ ನಾನು ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.