ಕಾದಂಬರಿಯ ಹೆಣ್ಣು ಯಾರ ಮನೆಯದು?

ಇತ್ತೀಚೆಗೆ ಓದಿದ ಪುಸ್ತಕಗಳ ಬಗ್ಗೆ ಯಾರಾದರೂ ಕೇಳಿದರೆ ನನಗೆ ಸ್ವಲ್ಪ ಮುಜುಗರ. ಓದಿದವನು ನಾನೇ ಹೌದು, ಅಭಿಪ್ರಾಯ ಮಾತ್ರ ದೊಡ್ಡಮ್ಮನದು. ಬ್ರಹ್ಮಾವರದಲ್ಲಿ ನಮ್ಮ ಪಕ್ಕದ ಮನೆ ಅವರದು. ಕಣ್ಣು ಮಂಜಾದ ಮೇಲೆ ಸಂಜೆ ಚಾ ಕುಡಿದು ಕಾಲು ನೀಡಿ ಕೂರುತ್ತಾರೆ, ನಾನು ಗಟ್ಟಿಯಾಗಿ ಓದುತ್ತೇನೆ. ನನಗೆ ಮಾತು ಕಲಿಸಿದವರು ಅವರು. ನಡುವೆ ಬಾಯಿ ಹಾಕುವ ಹಕ್ಕು ಅಲ್ಲಿಂದಲೇ ಬಂದದ್ದು.

ಮೊದಲು ನಿದ್ರೆಯ ವಿಜ್ಞಾನದ ದಪ್ಪ ಪುಸ್ತಕ. ಮೂರನೆಯ ಪುಟಕ್ಕೆ ದೊಡ್ಡಮ್ಮ ಗೊರಕೆ ಹೊಡೆದರು. ಹಿಡಿದ ವಿಷಯವನ್ನು ಇಷ್ಟು ಬೇಗ ಸಾಧಿಸಿ ತೋರಿಸಿದ ಗ್ರಂಥವನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಉಪ್ಪಿನ ಚರಿತ್ರೆ. "ಉಪ್ಪ್ ಸಮಾ ಇತ್ತ್. ಮೀನ್ ಎಲ್ಲಿತ್ತ್?" ಎಂದರು. ಲೇಖಕರು ದೇಶದೇಶ ಸುತ್ತಿದ್ದರೂ ಒಣಮೀನಿಗೆ ಒಂದು ಪುಟ ಕೊಟ್ಟಿರಲಿಲ್ಲ.

ತೊಂದರೆ ಕಾದಂಬರಿಗಳದ್ದು. ನಮ್ಮ ಕಡೆ ಹೊಸಬರು ಬಂದರೆ ಹೆಸರಿಗಿಂತ ಮೊದಲು ಮನೆ ಕೇಳುತ್ತಾರೆ. ಪುರಾಣಗಳು ಈ ಮರ್ಯಾದೆ ಬಲ್ಲವು, ಮುತ್ತಜ್ಜನಿಂದಲೇ ಹಿಡಿದು ಬರುತ್ತವೆ. ಈಗಿನ ಕಾದಂಬರಿ "ಅವನು ಕಿಟಕಿ ಮುಚ್ಚಿದ" ಎಂದು ಶುರುವಾಗುತ್ತದೆ. ಯಾರವನು? ಯಾರ ಕಿಟಕಿ? ಅಂಥದೊಂದರಲ್ಲಿ ಗಂಡಸೊಬ್ಬ ಬಾಡಿಗೆ ಮನೆಯಲ್ಲಿ ಕೂತು ಕೊನೆಯತನಕ ಯೋಚಿಸುತ್ತಾನೆ. ನನಗೆ ಹಿಡಿಸಿತ್ತು. "ಅವಂಗೆ ಹೇಳುರ್ ಕೇಳುರ್ ಯಾರೂ ಇಲ್ಯಾ?" ಎಂದು ದೊಡ್ಡಮ್ಮ ವಿಮರ್ಶೆ ಮುಗಿಸಿದರು.

ಇನ್ನೊಂದು, ದೋಣಿ ಕಟ್ಟುವವರ ಮನೆಯ ಹುಡುಗಿಯ ಕಥೆ. ಗಂಡನನ್ನು ಬಿಟ್ಟು ತವರಿಗೆ ಬಂದು ಅಪ್ಪನ ಕೆಲಸ ಹಿಡಿಯುತ್ತಾಳೆ. ಊರ ಹೆಸರಿರಲಿಲ್ಲ. ದೋಣಿ ಎಂದ ಮೇಲೆ ಇನ್ನೆಲ್ಲಿ? ದೊಡ್ಡಮ್ಮ ಆಕೆಗೆ ಇಲ್ಲೇ ಹತ್ತಿರ, ದೋಣಿ ಕಟ್ಟುವ ಹಂಗಾರಕಟ್ಟೆಯ ಹೊಳೆಬದಿಯಲ್ಲಿ ಒಂದು ಹೆಂಚಿನ ಮನೆ ಗೊತ್ತುಮಾಡಿದರು. ವಿಳಾಸ ಸಿಕ್ಕಿದ ಮೇಲೆ ಕಥೆ ಸಲೀಸಾಗಿ ಸಾಗಿತು.

ಅಷ್ಟರಲ್ಲಿ ದೊಡ್ಡಮ್ಮನ ಮೊಮ್ಮಗ, ಬೈಂದೂರಿನಲ್ಲಿ ಹೋಟೆಲು ನಡೆಸುವ ಸುಧೀರನಿಗೆ ಸಂಬಂಧ ಬಂತು. ಹುಡುಗಿ ಅಶ್ವಿನಿ ಕುಂದಾಪುರದಲ್ಲಿ ಉಪನ್ಯಾಸಕಿ. ಅಪ್ಪ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟಿಸುವವರು. ಇಬ್ಬರಿಗೂ ಮನಸ್ಸಾಗಿತ್ತು.

"ಆ ಮನಿ ಹೆಣ್ಣ್ ಬ್ಯಾಡ," ಎಂದರು ದೊಡ್ಡಮ್ಮ. ಅವರು ಒಪ್ಪದೆ ನಮ್ಮಲ್ಲಿ ಮದುವೆಯಾಗುವುದಿಲ್ಲ. ಆ ಕಾದಂಬರಿ ಬರೀ ಕಟ್ಟುಕಥೆ ಎಂದೆ. "ಹೆಸ್ರ್ ಬದ್ಲ್ ಮಾಡಿ ಬರ್ದಿರ್, ಅಷ್ಟೇ. ನಂಗ್ ಗೊತ್ತಾತಿಲ್ಯಾ?"

ಸುಧೀರ ಫೋನು ಮಾಡಿದ. "ಹ್ವಾಯ್ ಚಿಕ್ಕಪ್ಪಯ್ಯ, ನಿಮ್ಗ್ ಓದುಕ್ ಬೇರೆ ಪುಸ್ತಕ ಸಿಕ್ಲಿಲ್ಯಾ?"

ಮೊದಲೇ ಗೊತ್ತುಮಾಡಿದ್ದ ದಿನ ಹುಡುಗಿಯ ಕಡೆಯವರು ದೊಡ್ಡಮ್ಮನ ಮನೆ ನೋಡಲು ಬಂದರು. ಅಶ್ವಿನಿ ಕಾಲುಮುಟ್ಟಿ ಏಳುವ ಮೊದಲೇ ದೊಡ್ಡಮ್ಮ ಕೇಳಿಬಿಟ್ಟರು: "ಹೆಣೆ, ಗಂಡನ್ನ ಬಿಟ್ ಬಂದದ್ದ್ ನೀನಾ, ನಿನ್ನ ಅಕ್ಕನಾ?"

ಆಕೆಯ ಅಪ್ಪನ ಚಾ ಲೋಟ ಅರ್ಧದಲ್ಲೇ ನಿಂತಿತು. ಸುಧೀರ ನನ್ನನ್ನು ನೋಡಿದ, ನಾನು ಫ್ಯಾನು ನೋಡಿದೆ. ಆದರೆ ಅವನು ಅವಳಿಗೆ ಮೊದಲೇ ವಿಷಯ ತಿಳಿಸಿದ್ದ. ಅಶ್ವಿನಿ ಆ ಕಾದಂಬರಿಯನ್ನು ಓದಿಕೊಂಡೇ ಬಂದಿದ್ದಳು.

"ನಾನೂ ಅಲ್ಲ, ಅಕ್ಕನೂ ಅಲ್ಲ ಅಜ್ಜಿ. ಆರೆ ಕಾದಂಬರಿ ಹೆಣ್ಣ್ ಬಿಟ್ಟದ್ದೇ ಸಮಾ. ಒಂದ್ ಮಾತ್ ಕೇಳ್ದೆ ಗಂಡ ಅದ್ರ್ ದೋಣಿ ಮಾರ್ದ ಅಲ್ದಾ?"

"ಮಾರಿದ್ದ್ ತಪ್ಪೇ. ಆರೆ ಹೇಳ್ದೆ ಹೊರ್ಟ್ ಬಪ್ದಾ?"

"ಹೇಳಿತ್ತ್ ಅಜ್ಜಿ. ಇಡೀ ಒಂದ್ ಪುಟ ಹೇಳಿತ್ತ್."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಆ ಪುಟ ನೀ ಓದ್ಲೇ ಇಲ್ಯಲಾ!"

ಓದಿದ್ದೆ. ಅವರು ಆಗ ತೂಕಡಿಸುತ್ತಿದ್ದರು. ಸುಧೀರನ ಮುಖ ನೋಡಿ, ಬಿಟ್ಟುಹೋಗಿರಬೇಕು ಎಂದೆ.

"ಮದಿ ಆಯ್ಲಿ," ಎಂದರು ದೊಡ್ಡಮ್ಮ. "ಇನ್ ಮೇಲೆ ಪುಸ್ತಕ ಈ ಹೆಣ್ಣೇ ಓದ್ಲಿ."

ಹೀಗೆ ನನ್ನ ಕೆಲಸ ಹೋಯಿತು. ಈಗ ಮನಸ್ಸಿನಲ್ಲೇ ಓದುತ್ತೇನೆ, ಬಾಯಿ ಹಾಕುವವರಿಲ್ಲ, ಅಭಿಪ್ರಾಯಗಳೂ ಪೂರ್ತಿ ನನ್ನವೇ. ಮೊನ್ನೆ ಹೊಸ ಕಾದಂಬರಿ ತೆರೆದೆ: "ಅವಳು ಬಸ್ಸಿನಿಂದ ಇಳಿದಳು." ಎಷ್ಟು ಓದಿದರೂ ಮುಂದೆ ಹೋಗಲಾಗಲಿಲ್ಲ. ಕೊನೆಗೆ ಅವಳನ್ನು ಬ್ರಹ್ಮಾವರದಲ್ಲೇ ಇಳಿಸಿ, ಒಂದು ಮನೆ ಕೊಟ್ಟೆ. ಮುನ್ನೆಚ್ಚರಿಕೆಗೆ ನಮ್ಮಿಂದ ತುಸು ದೂರದ ಮನೆ. ದೊಡ್ಡಮ್ಮನ ಮೊಮ್ಮಕ್ಕಳಲ್ಲಿ ಮದುವೆಗಿರುವ ಹುಡುಗರು ಇನ್ನೂ ಇಬ್ಬರಿದ್ದಾರೆ.